ಗೋಡೆಗೆ ಕಿವಿಗೊಟ್ಟ ಮಾವ

ನನ್ನ ಸೋದರಮಾವ ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯನ್ನು ಮಾತಾಡಿಸುತ್ತಿದ್ದರು. ಬಲಗೈಯ ನಡುಬೆರಳನ್ನು ಮಡಿಸಿ, ಮೂಲೆಯಿಂದ ಆರಂಭಿಸಿ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತ, ಕತ್ತು ಓರೆಮಾಡಿ, ಕಣ್ಣು ಅರೆಮುಚ್ಚಿ, ಗೋಡೆಯುದ್ದಕ್ಕೂ ಅಡ್ಡಡ್ಡ ಹೆಜ್ಜೆಯಿಡುವ ಅವರನ್ನು ಕಂಡ ಅಪರಿಚಿತರು, ಈ ಮನುಷ್ಯ ಸಂಗೀತಗಾರನೋ ಅರೆಹುಚ್ಚನೋ ಎಂದು ನಿಶ್ಚಯಿಸಲಾರದೆ ಮುಖಮುಖ ನೋಡಿಕೊಳ್ಳುತ್ತಿದ್ದರು. ಸಾವಿನ ಮನೆಗೆ ಸಾಂತ್ವನ ಹೇಳಲು ಹೋದಾಗಲೂ ಆ ಬೆರಳು ಸುಮ್ಮನಿರುತ್ತಿರಲಿಲ್ಲ. ಅತ್ತೆ ಅವರ ಕೋಟಿನ ತೋಳು ಜಗ್ಗಿ, "ರೀ, ಇವತ್ತಾದ್ರೂ ಆ ಗೋಡೆನ ಅದರ ಪಾಡಿಗೆ ಬಿಡಿ" ಎಂದು ಪಿಸುಗುಟ್ಟಿದರೆ ತಪ್ಪಿತಸ್ಥನಂತೆ ಕೈಯನ್ನು ಜೇಬಿಗಿಳಿಸುತ್ತಿದ್ದರು. ಜೇಬಿನೊಳಗೂ ಬೆರಳು ಆಡುತ್ತಿರುವುದು ಬಟ್ಟೆಯ ಮೇಲಿನಿಂದಲೇ ತಿಳಿಯುತ್ತಿತ್ತು.

ಅದು ಅವರ ಕಸುಬು. ಪೀಠೋಪಕರಣದ ಅಂಗಡಿಯೊಂದರ ಪರವಾಗಿ ಮನೆಮನೆಗೆ ಹೋಗಿ ಕಪಾಟು, ಕನ್ನಡಿ, ಟಿವಿ, ಬಚ್ಚಲುಮನೆಯಲ್ಲಿ ವಯಸ್ಸಾದವರು ಹಿಡಿದು ಏಳುವ ಹಿಡಿಕಂಬಿಗಳನ್ನು ಗೋಡೆಗೆ ಕೂರಿಸುವ ಕೆಲಸ. ನಾವು ನೆಲೆಸಿದ್ದ ಆ ಪರದೇಶದ ಮನೆಗಳ ಒಳಗೋಡೆಗಳು ಇಟ್ಟಿಗೆಯವಲ್ಲ. ಸಾಲಾಗಿ ನಿಲ್ಲಿಸಿದ ಮರದ ಪಟ್ಟಿಗಳಿಗೆ ಎರಡೂ ಕಡೆಯಿಂದ ಜಿಪ್ಸಂ ಬೋರ್ಡು ಹೊಡೆದು ಬಣ್ಣ ಬಳಿದವು. ನೋಡಲು ಬಂಡೆ, ಒಳಗೆ ಬಹುಪಾಲು ಗಾಳಿ. ಸ್ಕ್ರೂ ಮರಕ್ಕೆ ಸಿಕ್ಕಿದರೆ ಭಾರ ನಿಲ್ಲುತ್ತದೆ. ಬರಿಯ ಬೋರ್ಡಿಗೆ ಸಿಕ್ಕಿದರೆ ಇಂದಲ್ಲ ನಾಳೆ ಕಿತ್ತುಬರುತ್ತದೆ. ಮಾವ ಆ ಮರವನ್ನು ಮನುಷ್ಯನನ್ನು ಹುಡುಕಿದಂತೆ ಹುಡುಕುತ್ತಿದ್ದರು. ಟೊಳ್ಳು ದನಿ ಬಂದರೆ "ಇಲ್ಲಿ ಯಾರೂ ಇಲ್ಲ" ಎಂದು ಮುಂದೆ ಸರಿಯುತ್ತಿದ್ದರು. ದನಿ ಬಿಗಿಯಾದೊಡನೆ ಮುಖ ಅರಳಿ, "ಹಾಂ, ಇಲ್ಲಿದಾನೆ" ಎನ್ನುತ್ತ ಪೆನ್ಸಿಲಿನಿಂದ ಚುಕ್ಕೆಯಿಡುತ್ತಿದ್ದರು. ಕಂಬಿ ಕೂರಿಸಿದ ಮೇಲೆ ಕೋಟು ಕಳಚಿ ಪಕ್ಕಕ್ಕಿಟ್ಟು, ಎರಡೂ ಕೈಯಲ್ಲಿ ಹಿಡಿದು, ಕಾಲು ಮಡಿಸಿ ತಮ್ಮ ದೇಹದ ಪೂರ್ತಿ ಭಾರವನ್ನು ಅದಕ್ಕೆ ಒಪ್ಪಿಸುತ್ತಿದ್ದರು. ಆ ಪರೀಕ್ಷೆ ಮುಗಿಯುವ ತನಕ ಮನೆಯವರು ಕೊಟ್ಟ ಚಹಾ ಆರಿದರೂ ಮುಟ್ಟುತ್ತಿರಲಿಲ್ಲ.

ವಯಸ್ಸು ಏರಿದಂತೆ ಕಿವಿ ಮಂದವಾಯಿತು. ಅದನ್ನವರು ಯಾರಿಗೂ ಹೇಳಲಿಲ್ಲ. ನಾವು ಕೇಳಿದ್ದಕ್ಕೆ ತಡವಾಗಿ ಉತ್ತರಿಸಿ, ಏನೋ ಗಹನವಾದುದನ್ನು ಚಿಂತಿಸುತ್ತಿದ್ದವರಂತೆ ನಟಿಸುತ್ತಿದ್ದರು. ಅತ್ತೆಗೆ ಮಾತ್ರ ಗೊತ್ತಿತ್ತು. ಆಕೆ ದನಿ ಏರಿಸುವ ಬದಲು ಎದುರು ಬಂದು ನಿಂತು ತುಟಿ ಬಿಡಿಸಿ ಮಾತಾಡುವುದನ್ನು ಸದ್ದಿಲ್ಲದೆ ರೂಢಿಸಿಕೊಂಡಿದ್ದಳು.

ಅತ್ತೆಗೆ ಮಂಡಿನೋವು ಹೆಚ್ಚಾಗಿ ಕೂತರೆ ಏಳಲಾಗದಂತಾದಾಗ, ಮಾವ ತಮ್ಮ ಮನೆಯ ಬಚ್ಚಲಿಗೂ ಒಂದು ಹಿಡಿಕಂಬಿ ಹಾಕಿದರು. ನಾನು ಅಲ್ಲಿಯೇ ಇದ್ದೆ. ಮಾವ ಗೋಡೆಯೊಳಗಿನ ಮರ ಹುಡುಕುತ್ತಿದ್ದಾಗ ಅತ್ತೆ ಬಾಗಿಲಿಗೊರಗಿ ನಿಂತು, ಮದುವೆಯಾದ ಹೊಸತರಲ್ಲಿ ಮಾವ ಬಾಡಿಗೆಮನೆಯ ಗೋಡೆ ತಟ್ಟಿ ತಟ್ಟಿ ಪಕ್ಕದ ಮನೆಯವರು ಜಗಳಕ್ಕೆ ಬಂದದ್ದನ್ನು ನಗುನಗುತ್ತ ಹೇಳುತ್ತಿದ್ದಳು. ಮಾವ ಎಂದಿನಂತೆ ಕಂಬಿಗೆ ಜೋತುಬಿದ್ದರು. "ಸಾಕು ಇಳೀರಿ, ಸೊಂಟ ಉಳುಕೀತು" ಎಂದಳು ಅತ್ತೆ. ಕಂಬಿ ಅಲುಗಲಿಲ್ಲ.

ಆದರೆ ಅದರ ಒಂದು ತುದಿ ಮಾತ್ರ ಮರಕ್ಕೆ ಸಿಕ್ಕಿತ್ತು. ಇನ್ನೊಂದು ತುದಿಯ ಸ್ಕ್ರೂಗಳು ಪಟ್ಟಿಯ ಅಂಚು ತಪ್ಪಿ ಬರಿಯ ಬೋರ್ಡಿನಲ್ಲಿದ್ದವು. ಒಂದು ಗಳಿಗೆಯ ಭಾರವನ್ನು ತಡೆದ ಬೋರ್ಡು ದಿನದಿನದ ಎಳೆತಕ್ಕೆ, ಬಚ್ಚಲಿನ ತೇವಕ್ಕೆ ಒಳಗೊಳಗೇ ಪುಡಿಯಾಗಿ, ಆ ಚಳಿಗಾಲದ ಒಂದು ಬೆಳಗ್ಗೆ ಅತ್ತೆ ಹಿಡಿದೆದ್ದಾಗ ಕಿತ್ತುಬಂತು. ಮಾವ ಕೆಲಸಕ್ಕೆ ಹೋಗಿದ್ದರು. ಕೂಗು ಕೇಳಿ ಬಂದ ನೆರೆಯವರು, ಬಿದ್ದಿದ್ದ ಆಕೆಯನ್ನು ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದರು.

ತೊಡೆಯ ಮೂಳೆ ಮುರಿದ ಆ ನೋವಿನಲ್ಲೂ ಅತ್ತೆ ನನ್ನ ಕೈ ಹಿಡಿದು ಬಗ್ಗಿಸಿಕೊಂಡಳು. "ಮಾವ ಮನೆಗೆ ಹೋಗೋ ಮುಂಚೆ ನೀನು ಹೋಗು. ಆ ಕಂಬೀನ ಮೊದಲಿದ್ದ ಹಾಗೆ ಸಿಕ್ಕಿಸಿಬಿಡಮ್ಮ. ಕಾಲು ಜಾರಿತು ಅಂತ ಎಲ್ಲರಿಗೂ ಹೇಳಿದೀನಿ."

ನಾನು ಓಡಿದೆ. ಸುದ್ದಿ ತಿಳಿದ ಮಾವ ಆಕೆಯ ಬಟ್ಟೆಬರೆ ತರಲೆಂದು ನನಗಿಂತ ಮೊದಲೇ ಮನೆಗೆ ಬಂದಿದ್ದರು. ಬಚ್ಚಲಿನ ಒದ್ದೆ ನೆಲದ ಮೇಲೆ ಕೂತು, ಕಂಬಿಯನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಯ ತೂತಿನೊಳಗೆ ಬೆರಳು ಹಾಕಿದ್ದರು. ನನ್ನತ್ತ ತಿರುಗದೆ, "ಇಲ್ಲಿ ಯಾರೂ ಇರ್ಲಿಲ್ಲ" ಎಂದರು. ಅತ್ತೆ ಹೇಳಿ ಕಳಿಸಿದ್ದನ್ನು ತಿಳಿಸಿದೆ. ಕಂಬಿಯನ್ನು ತೂತಿಗೆ ಒತ್ತಿ ಮೊದಲಿದ್ದ ಹಾಗೆ ಸಿಕ್ಕಿಸಿದರು. ಆಮೇಲೆ, "ನಾನು ನೋಡ್ಲಿಲ್ಲ ಅಂತ್ಲೇ ಹೇಳು" ಎಂದು ಎದ್ದರು.

ಅಲ್ಲಿಂದಾಚೆ ಆ ದಂಪತಿಗಳ ನಡುವೆ ಕೂತ ನನ್ನ ಸಂಕಟವನ್ನು ಹೇಗೆ ಬಣ್ಣಿಸಲಿ. ಆಕೆ ಬಂದವರಿಗೆಲ್ಲ "ನನ್ನದೇ ಅಜಾಗರೂಕತೆ" ಎನ್ನುತ್ತಿದ್ದಳು. ಇವರು ದಿಂಬು ಸರಿಪಡಿಸುತ್ತ "ನೆಲ ಒದ್ದೆಯಿತ್ತಲ್ಲ" ಎಂದು ದನಿಗೂಡಿಸುತ್ತಿದ್ದರು. ಇವರಿಗೆ ತಿಳಿಯದೆಂಬ ನೆಮ್ಮದಿಯಲ್ಲಿ ಆಕೆ. ಆ ನೆಮ್ಮದಿ ಕೆಡದಿರಲೆಂದು ಇವರು. ಅತ್ತೆ ಮತ್ತೆ ನಡೆಯಲಿಲ್ಲ. ಮರಗಳೆಲ್ಲ ಚಿಗುರುವ ಹೊತ್ತಿಗೆ ಜ್ವರ ಬಂದು, ಜ್ವರ ಎದೆಗಿಳಿದು, ಮಾವನ ಕೈಯಲ್ಲಿ ಕೈಯಿಟ್ಟುಕೊಂಡೇ ಹೋದಳು. ನಿಜವನ್ನು ಅವರಿಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಆಮೇಲೆ ಮಾವ ಕೆಲಸ ಬಿಟ್ಟರು. ಕಿವಿಗೆ ಯಂತ್ರ ಹಾಕಿಸಿಕೊಂಡರು. ಹಳೆಯ ಕೋಟಿನ ಜೇಬಿನಲ್ಲಿ ಒಂದು ಅಯಸ್ಕಾಂತ, ಒಂದು ತೆಳ್ಳನೆಯ ದಬ್ಬಣ ಇಟ್ಟುಕೊಂಡು, ಕಿವಿ ಮಂದವಾದಂದಿನಿಂದ ತಾವು ಕೆಲಸ ಮಾಡಿದ್ದ ಮನೆಗಳ ಬಾಗಿಲನ್ನು ಒಂದೊಂದಾಗಿ ತಟ್ಟತೊಡಗಿದರು. "ಸುಮ್ಮನೆ ಒಮ್ಮೆ ನೋಡಿ ಹೋಗ್ತೀನಿ" ಎನ್ನುತ್ತಿದ್ದರು. ಕೆಲವರು ಒಳಗೆ ಕರೆದರು; ಕೆಲವರು ಅನುಮಾನದಿಂದ ಅರ್ಧ ಬಾಗಿಲಲ್ಲೇ ಮಾತಾಡಿ ಕಳಿಸಿದರು; ಅಂಥವರ ಮನೆಗೆ ಮತ್ತೆ ಹೋದರು. ಬೋರ್ಡನ್ನು ಮರಕ್ಕೆ ಹಿಡಿದಿಟ್ಟ ಸ್ಕ್ರೂಗಳು ಎಲ್ಲಿವೆಯೋ ಅಲ್ಲಿ ಅಯಸ್ಕಾಂತ ಕಚ್ಚಿಕೊಳ್ಳುತ್ತದೆ. ಅದರ ಜಾಡು ಹಿಡಿದು, ದಬ್ಬಣದಿಂದ ಚುಚ್ಚಿ ನೋಡಿ, ತಾವೇ ಹಾಕಿದ ಪ್ರತಿ ಕಂಬಿಯ ಬೆನ್ನಿಗೆ ಮರವಿದೆಯೇ ಎಂದು ಪರೀಕ್ಷಿಸಿದರು.

ಕೊನೆಯ ಮನೆಗೆ ನಾನು ಜೊತೆಗಿದ್ದೆ. ಊರುಗೋಲಿನ ಒಬ್ಬ ಮುದುಕಿ ನಮ್ಮನ್ನು ಒಳಗೆ ಬಿಟ್ಟಳು. ಕಂಬಿ ಗಟ್ಟಿಯಾಗಿತ್ತು. ಮಾವ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ನಾನು, "ಒಂದೂ ಸಡಿಲ ಇಲ್ಲವಲ್ಲ ಮಾವ, ಒಳ್ಳೇದೇ ಆಯ್ತು" ಎಂದೆ.

"ಒಂದಾದ್ರೂ ಸಿಕ್ಕಿದ್ರೆ ತಪ್ಪನ್ನ ಕಿವಿ ಮೇಲೆ ಹಾಕಬಹುದಿತ್ತಮ್ಮ" ಎಂದರು. "ಎಲ್ಲಾ ಕಡೆ ಸರಿಯಾಗೇ ಕೇಳಿಸ್ಕೊಂಡಿದೀನಿ. ಮನೇಲಿ ಮಾತ್ರ... ಅವತ್ತು ಅವಳು ಮಾತಾಡ್ತಾ ಇದ್ಲು. ನಾನು ಗೋಡೆ ಬಿಟ್ಟು ಅವಳ ಮಾತು ಕೇಳ್ತಾ ಇದ್ದೆ."

ನಾನು ಅವರ ಪಕ್ಕದಲ್ಲಿ ಕೂತೆ. ಈಗ ಮಾವನೂ ಇಲ್ಲ. ಇನ್ನೊಬ್ಬರ ಭಾರಕ್ಕೆ ತಾವು ಹೊಣೆಯೆಂದು ಬಗೆದು ಬದುಕುವ ಒಂದು ಬಗೆಯ ಜನ ಎಲ್ಲ ಕಡೆಯೂ ಇರುತ್ತಾರೆ. ಅವರು ಸರಿಯಾಗಿ ಮಾಡಿದ ಕೆಲಸ ಯಾರ ಗಮನಕ್ಕೂ ಬಾರದೆ ಜಗತ್ತನ್ನು ಎತ್ತಿ ನಿಲ್ಲಿಸಿರುತ್ತದೆ. ತಪ್ಪಿದ್ದೊಂದು ಅವರ ಎದೆಯೊಳಗೇ ಮನೆಮಾಡುತ್ತದೆ. ಅಂಥವರಿಗೆ ಕ್ಷಮೆ ಮುಟ್ಟುವುದಿಲ್ಲ, ಅದು ಅತ್ಯಂತ ಪ್ರೀತಿಯ ಕೈಯಿಂದ ಬಂದರೂ. ನಾವು ಮಾಡಬಹುದಾದದ್ದು ಇಷ್ಟೇ: ಮೆಟ್ಟಿಲ ಮೇಲೆ ಅವರ ಪಕ್ಕದಲ್ಲಿ ಕೂರುವುದು, ಹೇಳಿದ್ದನ್ನು ಕೊನೆತನಕ ಕೇಳುವುದು, ಮತ್ತು "ಹೋಗಲಿ ಬಿಡಿ" ಎಂಬ ಮಾತೊಂದನ್ನು ಬಾಯಿಗೆ ತಾರದಿರುವುದು.