ಪೂರ್ವಕ್ಕೆ ಮುಖ ಮಾಡಿದ ಎಂಜಿನ್

ಸ್ಪಂದನಾ ರೊಟ್ಟಿ ಮುರಿದುಕೊಂಡು ಚಟ್ನಿ ಬಟ್ಟಲಿಗಾಗಿ ಕೈಯಾಡಿಸುತ್ತಿದ್ದಳು. ಬಟ್ಟಲು ಕಣ್ಣೆದುರಿಗೇ ಇತ್ತು. ನೇತ್ರಾವತಿ ಅದನ್ನು ಮಗಳ ಕೈಗೆ ಸರಿಸಿ ಗಂಡನ ಕಡೆ ನೋಡಿದಳು. ಬಸವೇಶ ಫೋನಿನಲ್ಲಿದ್ದ. ನಾಳೆ ತಮ್ಮೂರು ಸಾಲಗಾಮೆಯಲ್ಲಿ ಅವನಿಗೆ ಸನ್ಮಾನ; ಶಾಮಿಯಾನ ಎಲ್ಲಿ ಹಾಕಿಸೋಣ ಎಂದು ಪಂಚಾಯಿತಿಯ ದೇವಯ್ಯ ಕೇಳುತ್ತಿದ್ದರು.

ಬಸವೇಶ ಇಂಧನವೇ ಬೇಡದ ಎಂಜಿನ್ ಮಾಡಿದ್ದ. ಹಾಸನದಲ್ಲಿ ಅವನದು ಮಿಕ್ಸಿ, ಓವನ್ ರಿಪೇರಿ ಅಂಗಡಿ. ದಿನಾ ಹೋಗಿ ಬರುವ ದಾರಿಯಲ್ಲಿ ಉಪಗ್ರಹ ಕೇಂದ್ರದ ದೊಡ್ಡ ಆಂಟೆನಾಗಳು ಕಾಣುತ್ತವೆ. ಇಂಧನ ಮುಗಿದರೆ ಉಪಗ್ರಹದ ಕಥೆಯೂ ಮುಗಿದಂತೆ ಎಂದು ಯಾರೋ ಹೇಳಿದ್ದು ಅವನ ತಲೆಯಲ್ಲಿ ಕೂತುಬಿಟ್ಟಿತ್ತು. ಆಮೇಲೆ ಒಂದು ವಿಡಿಯೋ ನೋಡಿದ. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾದ ತಾಮ್ರದ ಡಬ್ಬವನ್ನು ಪೂರಾ ಮುಚ್ಚಿ ಒಳಗೆ ಮೈಕ್ರೋವೇವ್ ತುಂಬಿದರೆ, ಏನನ್ನೂ ಹಿಂದಕ್ಕೆ ಉಗುಳದೆ ಅದು ತಾನೇ ಮುಂದಕ್ಕೆ ಹೋಗುತ್ತದಂತೆ! ಹಳೆಯ ಓವನ್ನುಗಳನ್ನು ಬಿಚ್ಚಿ ಅಂಥದ್ದೇ ಒಂದನ್ನು ಕಟ್ಟಿ, ಹಿತ್ತಲ ಕೋಣೆಯ ತೊಲೆಗೆ ತೂಗುಹಾಕಿದ. ಸ್ವಿಚ್ ಒತ್ತಿದರೆ ಡಬ್ಬ ಒಂದು ಬೆರಳಿನಷ್ಟು ಪೂರ್ವಕ್ಕೆ ಸರಿಯುತ್ತಿತ್ತು. ಪಕ್ಕದಲ್ಲಿ ಬಗ್ಗಿ ನಿಂತು, ಎಷ್ಟು ಸರಿಯಿತೆಂದು ತೋರಿಸುವ ಮುಳ್ಳು ನೋಡಿ ಹೇಳುವುದು ಪಿಯುಸಿ ಓದುವ ಸ್ಪಂದನಾಳ ಕೆಲಸ. ಚುರುಕು ಕಣ್ಣಿನ ಹುಡುಗಿ.

ಆ ಕಣ್ಣಿಗೇ ಈಗ ಮಬ್ಬು ಕವಿದಿತ್ತು. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು ಹಾಸನದ ಡಾಕ್ಟರು. ಈ ವಯಸ್ಸಿಗೆ ಯಾಕೆ ಬಂತೋ ಅವರಿಗೂ ತಿಳಿಯಲಿಲ್ಲ. ಎಂಜಿನ್ನಿನ ವಿಷಯ ಅವರಿಗೆ ಹೇಳಿದವರು ಯಾರು? ನಾಳೆ ಊರವರ ಎದುರು ಮುಳ್ಳಿನ ಪಕ್ಕ ನಿಲ್ಲುವವಳೂ ಅವಳೇ.

ಹೊಳೆನರಸೀಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ತಮ್ಮ ಅರುಣ್‌ಕುಮಾರ್‌ಗೆ ನೇತ್ರಾವತಿ ಫೋನ್ ಮಾಡಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವನು ಬಂದ. ಡಬ್ಬದ ಬೆಸುಗೆಯ ಸಂದುಗಳನ್ನು ನೋಡಿದವನ ಮುಖ ಇಳಿದುಹೋಯಿತು.

"ಭಾವ, ಇದ್ರಿಂದ ಮೈಕ್ರೋವೇವ್ ಸೋರ್ತದೆ. ಓವನ್ನಲ್ಲಿ ಅನ್ನ ಬಿಸಿ ಆದಂಗೆ ಕಣ್ಣೂ ಬಿಸಿ ಆಯ್ತದೆ. ಮಗು ಕಣ್ಣಿಗೆ ಪೊರೆ ಬಂದಿರಾದು ಇದ್ರಿಂದ್ಲೇ ಇರ್ಬೌದು."

"ಶುರು ಮಾಡ್ದಾ? ನಾಳೆ ಊರೋರೆಲ್ಲಾ ಬತ್ತಾವ್ರೆ, ಇವತ್ತು ನಿಂದೊಂದು ಅಡ್ಡಮಾತು. ಫಾರಿನ್ನಲ್ಲಿ ದೊಡ್ಡ ದೊಡ್ಡೋರೇ ಟೆಸ್ಟ್ ಮಾಡವ್ರೆ ಕಣ್ಲಾ!"

"ಮಾಡವ್ರೆ, ಇಲ್ಲ ಅನ್ನಲ್ಲ. ಮೊದ್ಲು ಏನೋ ಸರೀತು ಅಂದ್ರು. ಆಮ್ಯಾಕೆ ಹುಷಾರಾಗಿ ಅಳೆದಾಗ ಏನೂ ಇರ್ನಿಲ್ಲ. ತೆಪ್ಪದೊಳಗೆ ಕೂತ್ಕಂಡು ತೆಪ್ಪನೇ ತಳ್ಳಿದ್ರೆ ಮುಂದಕ್ಕೆ ಓಯ್ತದಾ ಭಾವ? ನೀರನ್ನ ಹಿಂದಕ್ಕೆ ತಳ್ಳಬೇಕು."

"ನಾನು ಕಣ್ಣಾರೆ ಕಂಡಿವ್ನಿ. ಸರೀತದೆ."

"ಯಾತ್ರಿಂದ ಸರೀತದೆ ಅಂತ ನೋಡಾಣ. ಡಬ್ಬನ ಹಿಂದುಮುಂದು ಮಾಡಿ ತೂಗಾಕಿ. ಅದೇ ತಳ್ತಿದ್ರೆ ಈಗ ಪಶ್ಚಿಮಕ್ಕೆ ಓಗ್ಬೇಕು."

ಬಸವೇಶ ಡಬ್ಬಕ್ಕೆ ಕಟ್ಟಿದ್ದ ನಿಂಬೆಹಣ್ಣಿನ ಕಡೆ ನೋಡಿದ. ಆಯುಧಪೂಜೆಯ ದಿನ ಪೂರ್ವಕ್ಕೆ ಮುಖ ಮಾಡಿಸಿ, ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ ಪೂಜಿಸಿದ ಎಂಜಿನ್ ಅದು. ಅದರ ದಿಕ್ಕು ಕದಲಿಸಬಾರದೆಂದು ಮನೆಯವರಿಗೆಲ್ಲ ಅವನೇ ಕಟ್ಟಪ್ಪಣೆ ಮಾಡಿದ್ದ. ತಾಮ್ರ ಕತ್ತರಿಸುವಾಗ ಕೂದಲೆಳೆಯಷ್ಟು ತಪ್ಪನ್ನೂ ಬಿಡದ ಮನುಷ್ಯ, ಇದೊಂದು ಪರೀಕ್ಷೆಯನ್ನು ದೇವರ ಮೇಲೆ ಹಾಕಿ ಕೂತಿದ್ದ. ಅವನನ್ನು ಕಂಡು ಅಯ್ಯೋ ಅನ್ನಬೇಕೋ, ಸಿಟ್ಟಾಗಬೇಕೋ!

"ಪೂಜೆ ಆಗಿರಾದು. ತಿರುಗ್ಸಲ್ಲ" ಎಂದ.

"ನೀವು ಪೂಜೆ ಮಾಡಿದ್ದು ತಾಮ್ರಕ್ಕೆ" ಎಂದಳು ನೇತ್ರಾವತಿ. "ನಾನು ಹೆತ್ತ ಮಗೀಗೆ ಕಣ್ಣು ಕಾಣ್ತಿಲ್ಲ. ತಿರುಗ್ಸಿ."

ಅವಳ ಬಾಯಲ್ಲಿ ಇಂಥ ಗಡಸು ದನಿಯನ್ನು ಅವನು ಕೇಳಿರಲಿಲ್ಲ. ಎದ್ದುಹೋಗಿ ನಿಂಬೆಹಣ್ಣು ಬಿಚ್ಚಿಟ್ಟ. ಡಬ್ಬವನ್ನು ತಿರುಗಿಸಿ ಕಟ್ಟಿದ. ಸ್ಪಂದನಾ ಅಭ್ಯಾಸಬಲದಿಂದ ಗೋಡೆ ಸವರಿಕೊಂಡು ಮುಳ್ಳಿನ ಹತ್ತಿರ ಬಂದಳು.

"ನೀನು ಆಚೆ ಓಗವ್ವ" ಎಂದ. ಇದನ್ನು ಹೇಳಲು ಅವನಿಗೆ ಇಷ್ಟು ಕಾಲ ಬೇಕಾಯಿತು. ಅವಳು ಹೋಗಿ ಬೀದಿ ಜಗಲಿಯ ಮೇಲೆ ಕೂತಳು.

ಎಲ್ಲರನ್ನೂ ಹೊರಗೆ ಕಳಿಸಿ, ಸ್ವಿಚ್ಚನ್ನು ಬಾಗಿಲಾಚೆಗೆ ಎಳೆದುಕೊಂಡು ಒತ್ತಿದ. ಡಬ್ಬ ಸರಿಯಿತು, ಪೂರ್ವಕ್ಕೇ, ಅದೇ ಒಂದು ಬೆರಳು. ತೊಲೆಯ ಪೂರ್ವದ ತುದಿಯಿಂದ ಇಳಿಬಿಟ್ಟ ಕರೆಂಟಿನ ದಪ್ಪ ವೈರು ಕಾದು ಜೋತು, ಡಬ್ಬವನ್ನು ಮೆಲ್ಲಗೆ ಎಳೆಯುತ್ತಿತ್ತು. ವೈರುಗಳ ನಡುವೆಯೇ ಬದುಕಿದವನಿಗೆ ಅದು ಇವತ್ತು ಕಂಡಿತು.

"ಅಪ್ಪಾ, ಯಾವ ಕಡೀಕ್ ಓಯ್ತು? ಪಶ್ಚಿಮಕ್ಕೇ ಅಲ್ವಾ?" ಜಗಲಿಯಿಂದ ಸ್ಪಂದನಾ ಕೂಗಿದಳು. ಅಪ್ಪನೇ ಗೆಲ್ಲಲಿ ಎಂಬ ಆಸೆ ಆ ದನಿಯಲ್ಲಿತ್ತು. ಒಂದು 'ಹೂಂ' ಅಂದಿದ್ದರೆ ಸಾಕಿತ್ತು, ಅವಳು ನಂಬುತ್ತಿದ್ದಳು.

"ಪೂರ್ವಕ್ಕೇ ಕಣವ್ವ" ಎಂದ ಬಸವೇಶ. "ಎಳೀತಿದ್ದಿದ್ದು ವೈರು."

ಪ್ಲಗ್ ಕಿತ್ತು, ದೇವಯ್ಯನವರಿಗೆ ಫೋನ್ ಮಾಡಿದ. "ಸಾ, ಶಾಮಿಯಾನ ಬ್ಯಾಡಿ. ಇದು ಓಡಾ ಎಂಜಿನ್ ಅಲ್ಲ. ನಾಳೆ ಮಗಳ ಕರ್ಕಂಡು ಡಾಕ್ಟ್ರತ್ರ ಓಗ್ಬೇಕು, ನಾನು ಮಾಡಿದ್ದೆಲ್ಲ ಅವ್ರಿಗೆ ಏಳ್ಬೇಕು."

ಜಗಲಿಗೆ ಬಂದ. ಹೆಜ್ಜೆಯ ಸದ್ದಿಗೆ ಸ್ಪಂದನಾ ಮುಖ ತಿರುಗಿಸಿ ನಕ್ಕಳು. ಅವನು ನಿಂತ ಕಡೆಗಲ್ಲ, ಕೊಂಚ ಆಚೆಗೆ. ಬಸವೇಶ ಅವಳು ನೋಡುತ್ತಿದ್ದ ಜಾಗಕ್ಕೇ ಸರಿದು ಕೂತ.