ಬಾಯಿಗೆ ಅಕ್ಕಿ

ಸೋಮಮ್ಮ ಗಂಡನ ಕುತ್ತಿಗೆಗೆ ಕೊಬ್ಬರಿ ಎಣ್ಣೆ ಸವರಿ ಉಗುರಿನಿಂದ ಮೆಲ್ಲಗೆ ಕೆರೆಯುತ್ತಿದ್ದಳು. ಆಸ್ಪತ್ರೆಯವರು ನಳಿಕೆ ಕಿತ್ತೇ ಕಳಿಸಿದ್ದರು. ಅದನ್ನು ಹಿಡಿದಿಟ್ಟಿದ್ದ ಪಟ್ಟಿಯ ಅಂಟು ಮಾತ್ರ ಚರ್ಮದ ಮೇಲೆ ಕಪ್ಪಗೆ ಉಳಿದುಬಿಟ್ಟಿತ್ತು. ಅಂಗಳದ ಹಲಗೆಯ ಮೇಲೆ ಮಲಗಿಸಿದ್ದ ಚಿಕ್ಕಸ್ವಾಮಿಗೆ ನೀರು ಹುಯ್ಯಲು ಅವನ ಅಕ್ಕ ಪುಟ್ಟಲಕ್ಷ್ಮಮ್ಮ ಚೊಂಬು ಹಿಡಿದು ನಿಂತಿದ್ದಳು.

“ಸಾಕು ಬುಡು ಸೋಮಿ. ಮಣ್ಣಿಗೋಗೋ ಮೈ.”

“ತಡೀರಿ ಅತ್ಗೆಮ್ಮ. ಇನ್ನೊಸಿ ಐತೆ.”

“ಮೈಯೆಲ್ಲೈತೆ, ಕಡ್ಡಿ ಆಗೋಗವ್ನೆ. ತಿಂಗ್ಳಿಂದ ಒಂದು ತುತ್ತಿಲ್ಲ. ನನ್ ತಮ್ಮ ಅಸ್ಕೊಂಡೇ ಸತ್ತ.”

ಸೋಮಮ್ಮ ಬೆರಳಿಗೆ ಮತ್ತೆ ಎಣ್ಣೆ ಅದ್ದಿಕೊಂಡಳು. ಬಿಂಡಿಗನವಿಲೆಯಲ್ಲಿ ಬಸ್ಸಿಳಿದ ನೆಂಟರು ಒಬ್ಬೊಬ್ಬರೇ ಬರುತ್ತಿದ್ದರು. ದಿನಾ ಬೆಳಿಗ್ಗೆ ಚಿಕ್ಕಸ್ವಾಮಿಯ ಜೊತೆ ಡೈರಿಗೆ ಹಾಲು ಹಾಕುತ್ತಿದ್ದ ಮಂಚಯ್ಯ ಜಗಲಿಯ ಮೇಲೆ ಕೂತು ಪಕ್ಕದವನಿಗೆ ಹೇಳುತ್ತಿದ್ದ.

“ಒಬ್ಬಂಗೆ ಒಂದು ಊಸು ಬರ್ಲಪ್ಪ ಅಂತ ಊರೆಲ್ಲ ದೇವ್ರಿಗೆ ಕೈ ಮುಗುದ್ವಿ ಕಣ್ಲಾ. ಅಷ್ಟೂ ಕೊಡ್ನಿಲ್ವಲ್ಲ ಆ ದೇವ್ರು.”

ಯಾರೋ ನಕ್ಕರು. ಹೆಂಗಸರು ತಿರುಗಿ ನೋಡಿದ್ದು ಕಂಡು ಕೆಮ್ಮಿಕೊಂಡರು.

*

ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದವನ ಕರುಳು ತಿರುಚಿಕೊಂಡು ಕೊಳೆತಿತ್ತು. ಕೊಳೆತಷ್ಟನ್ನು ಕತ್ತರಿಸಿ ಉಳಿದ ತುದಿಗಳನ್ನು ಸೇರಿಸಿ ಹೊಲಿದರು. ಹೊಲಿದ ಕರುಳು ಆಡಲಿಲ್ಲ. ಬಾಯಿಗೆ ಏನೂ ಕೂಡದು, ಕುತ್ತಿಗೆಯ ನರದಿಂದಲೇ ಊಟ ಎಂದರು. ಹಾಲಿನಂಥ ಬೆಳ್ಳಗಿನ ಊಟದ ಚೀಲ ತೂಗುಹಾಕಿದ ದಿನ ಚಿಕ್ಕಸ್ವಾಮಿ ಅದನ್ನೇ ದಿಟ್ಟಿಸಿ, “ನರ್ಸಮ್ಮ, ಇದ್ರಲ್ಲಿ ಫ್ಯಾಟು ಎಷ್ಟು ಬತ್ತದೆ?” ಎಂದು ಕೇಳಿದ್ದ.

“ನಿಮ್ಮ ಡೈರಿಯವ್ರು ತಗೊಳಲ್ಲ ಬಿಡಿ.”

ಆಸ್ಪತ್ರೆಯಲ್ಲಿ ಸೋಮಮ್ಮ ನಕ್ಕದ್ದು ಅದೊಂದೇ ಸಲ.

ಡಾಕ್ಟರು ದಿನಾ ಅವನ ಹೊಟ್ಟೆಯ ಸದ್ದು ಆಲಿಸಿ, ಗಾಳಿ ಹೋಯಿತೇ ಎಂದು ಅವಳನ್ನು ಕೇಳುವರು. ಹೋದರೆ ಕರುಳು ಆಡಿತೆಂದು ಅರ್ಥ, ಗಂಜಿಯ ತಿಳಿ ಕೊಟ್ಟು ನೋಡೋಣ ಎನ್ನುವರು. ಮಲಗಿರುವ ಕರುಳಿಗೆ ಅನ್ನ ಬಿದ್ದರೆ ಅದು ವಾಂತಿಯಾಗಿ ಮೇಲೆ ಬಂದು ಶ್ವಾಸಕೋಶಕ್ಕೆ ಸೇರುತ್ತದೆ ಎಂದು ಬಿಡಿಸಿ ಹೇಳಿದ್ದರು.

“ಓಯ್ತು ಅನ್ನು ಕಣಮ್ಮಿ,” ಎಂದು ಚಿಕ್ಕಸ್ವಾಮಿ ಅಂಗಲಾಚುತ್ತಿದ್ದ. “ನೀನಂದ್ರೆ ನಂಬ್ತಾರೆ. ಅರ್ಧ ಲೋಟ ಅಂಬ್ಲಿ ಸಾಕು.”

“ನಿಜ್ವಾಗ್ ಓದಾಗ ಏಳ್ತೀನಿ.”

“ನಾನ್ ಸತ್ಮೇಲಾ?”

ಡಾಕ್ಟರು ಬಂದು ಕೇಳಿದಾಗ ಅವನು ಅವಳ ಮುಖವನ್ನೇ ನೋಡುತ್ತಿದ್ದ.

“ಇಲ್ಲ ಸಾರ್,” ಎಂದಳು.

ಅವನು ಗೋಡೆಯ ಕಡೆಗೆ ತಿರುಗಿದ. ಆಮೇಲೆ ನಳಿಕೆಯ ದಾರಿಯಲ್ಲೇ ನಂಜು ರಕ್ತಕ್ಕಿಳಿದು ಜ್ವರ ಏರಿತು. ಅವಳ ಜೊತೆ ಅವನು ಮತ್ತೆ ಮಾತಾಡಲಿಲ್ಲ.

*

ಹೊಸ ಪಂಚೆ ಉಡಿಸಿ, ಹಣೆಗೆ ವಿಭೂತಿ ಇಟ್ಟು, ಮೊರದಲ್ಲಿ ಅಕ್ಕಿ ತಂದಿಟ್ಟರು. ಬಂಧುಗಳು ಸಾಲಾಗಿ ಬಂದು ಅವನ ಬಾಯಿಗೆ ಅಕ್ಕಿ ಹಾಕತೊಡಗಿದರು. ಬಿಗಿದುಕೊಂಡ ದವಡೆ ತೆರೆಯದೆ ಕಾಳೆಲ್ಲ ತುಟಿಯಿಂದ ಜಾರಿ ಗದ್ದದ ಕೆಳಗೆ ಸೇರುತ್ತಿತ್ತು. ಸೋಮಮ್ಮ ಮೊರಕ್ಕೆ ಕೈ ಹಾಕಿದಾಗ ಪುಟ್ಟಲಕ್ಷ್ಮಮ್ಮ ಅವಳ ಮಣಿಕಟ್ಟು ಹಿಡಿದಳು.

“ನೀನ್ ಆಕ್ಬ್ಯಾಡ. ಒಂದು ಸುಳ್ಳೇಳಕ್ಕೆ ಏನಾಗಿತ್ತು ನಿಂಗೆ? ಆಸ್ಪತ್ರೇಲಿ ನನ್ನತ್ರ ‘ಇಲ್ಲ ಅಂದ್ಬುಟ್ಲು ಕಣಕ್ಕ’ ಅಂತ ಏಳ್ಕೊಂಡು ಅತ್ತ ಅವ್ನು. ಜೀವ ಇದ್ದಾಗ ಇಕ್ದೇ ಇದ್ದೋಳು ಈಗ್ಯಾಕೆ ಬಂದೆ?”

ಮಂಚಯ್ಯ ಜಗಲಿಯಿಂದಿಳಿದು ಬಂದ.

“ಬುಡಕ್ಕ ಕೈಯ. ಇಕ್ಕಿದ್ರೂ ಸಾಯೋನೇ, ಇಕ್ದಿದ್ರೂ ಸಾಯೋನೇ. ಉಳ್ಸ್ಕೊಬೇಕು ಅಂತ ತಾನೆ ಅಂಗಂದಿದ್ದು.”

ಹಿಡಿತ ಸಡಿಲವಾಯಿತು. ಸೋಮಮ್ಮ ತಲೆಯ ಹತ್ತಿರ ಮಂಡಿಯೂರಿದಳು. ಎಡಗೈಯ ಬೆರಳಿನಿಂದ ಅವನ ಕೆಳದುಟಿಯನ್ನು ಸರಿಸಿ, ಹಲ್ಲಿನ ಸಂದಿಗೆ ನಾಲ್ಕು ಕಾಳು ಇಟ್ಟಳು. ಅವು ಜಾರಲಿಲ್ಲ. ಅವಳು ಏಳಲೂ ಇಲ್ಲ.

ಸಾಲು ಹಿಂದೆ ನಿಂತಿತ್ತು. ಪುಟ್ಟಲಕ್ಷ್ಮಮ್ಮ ಅಳುತ್ತಲೇ ಬಾಗಿ, ತನ್ನ ಹಿಡಿ ತುಂಬ ಅಕ್ಕಿಯನ್ನು ತಮ್ಮನ ಬಾಯಿಯ ಹತ್ತಿರ ತಂದಳು. ಸೋಮಮ್ಮ ತಟ್ಟನೆ ಆ ಬಾಯಿಗೆ ಅಂಗೈ ಅಡ್ಡ ಹಿಡಿದಳು.

“ಒಸಿ ತಡೀರಿ ಅತ್ಗೆಮ್ಮ,” ಎಂದಳು. “ಅದು ಇಳೀಲಿ.”

ಹಿಡಿಯಲ್ಲಿ ಅಕ್ಕಿ ಹಿಡಿದವರೆಲ್ಲ ಬಿಸಿಲಿನಲ್ಲಿ ನಿಂತು ಕಾದರು.