ದುರ್ಗವ್ವನ ಮೊದಲ ಚರಗ

ಕನ್ನೊಳ್ಳಿಯ ದುರ್ಗವ್ವ ಎಳ್ಳಮಾವಾಸ್ಯೆಯ ಚರಗದ ಊಟವನ್ನು ಬುದ್ಧಿ ಬಂದಾಗಿನಿಂದ ಉಂಡವಳೇ, ಉಣಿಸಿದವಳಲ್ಲ. ಉಣಿಸಬೇಕಾದರೆ ಹೊಲ ಬೇಕು. ಅವಳಿಗಿದ್ದದ್ದು ಸಾವಕಾರ ಬಸಂತರಾಯರ ಹೊಲದಲ್ಲಿ ಕೂಲಿ ಮಾತ್ರ. ಹಬ್ಬದ ದಿನ ಅವರು ಬೆಳೆಯ ನಡುವೆ ಪೂಜೆ ಮಾಡಿ, ಭೂಮಿತಾಯಿಗೆಂದು ಕಡಬು, ರೊಟ್ಟಿಯ ಚರಗ ಚೆಲ್ಲಿ, ಕೂಲಿಯವರನ್ನೆಲ್ಲ ಸಾಲಾಗಿ ಕೂಡಿಸಿ, "ಸಂಕೋಚ ಮಾಡಬ್ಯಾಡ್ರಿ, ನಿಮ್ಮದ ಹೊಲ ಅಂತ ತಿಳಕೊಂಡು ಉಣ್ರಿ" ಎನ್ನುತ್ತಿದ್ದರು. ಒಳ್ಳೆಯ ಮಾತೇ. ಆದರೆ ಕೈ ತೊಳೆದ ಮೇಲೆ ಹೊಲ ಮತ್ತೆ ಅವರದೇ ಆಗುತ್ತಿತ್ತು.

ಈ ವರ್ಷ ಹಾಗಲ್ಲ. ಸರ್ಕಾರ ಜಮೀನು ಕೊಂಡು ಭೂಮಿಯಿಲ್ಲದ ಹೆಣ್ಣುಮಕ್ಕಳಿಗೆ ಹಂಚಿದಾಗ, ಸಾವಕಾರರ ಬದುವಿಗೇ ಹತ್ತಿದ ಎರಡೆಕರೆ ದುರ್ಗವ್ವನ ಹೆಸರಿಗೆ ಬಂದಿತ್ತು. ಬಂದದ್ದೇ ತಡ, ಚಹಾ ಅಂಗಡಿಯಲ್ಲಿ ವಾದ ಶುರುವಾಯಿತು.

"ಸರ್ಕಾರದ ರೊಕ್ಕ ಅಂದ್ರ ನಮ್ಮ ರೊಕ್ಕ. ಹಿಂಗ ಪುಕ್ಕಟ ಹಂಚಕೋತ ಹೋದ್ರ ದುಡಿಯೋರು ಯಾರು?" ಎಂದು ಬಸಂತರಾಯರು ಗುಡುಗಿದರು.

"ಇಷ್ಟ ದಿನ ದುಡದೋರು ಯಾರ್ರಿ ಮತ್ತ?" ಎಂದ ದುರ್ಗವ್ವನ ಗಂಡ ಮಾನಪ್ಪ.

ಮಾತು ಬಿಸಿಯೇರುವ ಹೊತ್ತಿಗೆ ದುರ್ಗವ್ವ ನಡುವೆ ಬಂದು ನಿಂತಳು. "ಸಾವಕಾರ್ರ, ಈ ಸಲ ಚರಗ ಉಣ್ಣಾಕ ನೀವು ನಮ್ಮ ಹೊಲಕ್ಕ ಬರಬೇಕ್ರಿ."

"ನೋಡೋಣು," ಎಂದರು ಬಸಂತರಾಯರು. ಹೌದೂ ಅಲ್ಲ, ಇಲ್ಲವೂ ಅಲ್ಲ. ದುರ್ಗವ್ವನಿಗೆ ಅಂದಿನಿಂದ ಅದೊಂದೇ ಧ್ಯಾನ. ಅವರು ಬಂದು ಉಂಡರೆ ತಾನು ಹೊಲದೊಡತಿ, ಬರದಿದ್ದರೆ ಬರೀ ಕಾಗದದ ಒಡತಿ.

ಹಬ್ಬದ ಬೆಳಿಗ್ಗೆ ಸಜ್ಜೆ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ತುಂಬಿದ ಬುಟ್ಟಿ ಹೊತ್ತು, ಹೊಸ ಇಳಕಲ್ ಸೀರೆ ಉಟ್ಟು ಅವಳು ಹೊರಟಳು. ಮಾನಪ್ಪ ನೀರಿನ ಕೊಡ ಹೊತ್ತು ಹಿಂದೆ ಉಳಿದಿದ್ದ. ಸಾವಕಾರರು ಬರುತ್ತಾರೋ ಇಲ್ಲವೋ ಎಂದು ಯೋಚಿಸುತ್ತಲೇ ನಡೆದಳು, ಜೋಳದ ನಡುವೆ ಬುಟ್ಟಿ ಇಳಿಸಿದಳು, ಕೈ ಮುಗಿದು ಮೊದಲ ತುತ್ತು ಚೆಲ್ಲಿದಳು.

"ಏ ಹುಚ್ಚಿ!" ಆಚೆಯ ಹೊಲದಿಂದ ಮಾನಪ್ಪ ಕೂಗಿದ. "ಅದು ಸಾವಕಾರ್ರ ಹೊಲ! ನಮ್ಮದು ಇಲ್ಲೈತಿ!"

ಆಯುಷ್ಯವೆಲ್ಲ ತುಳಿದ ದಾರಿಯನ್ನೇ ಕಾಲು ಹಿಡಿದಿದ್ದವು. ದುರ್ಗವ್ವನಿಗೆ ಭೂಮಿಯೇ ಬಾಯಿ ಬಿಡಬಾರದೇ ಎನಿಸಿತು. ಸಾಲದ್ದಕ್ಕೆ ಆಗಲೇ ಬಸಂತರಾಯರ ಟ್ರ್ಯಾಕ್ಟರ್ ಬಂದು ನಿಂತಿತು.

"ಏನ ದುರ್ಗವ್ವ, ನಿನ್ನ ಹೊಲ ಸಾಲಲಿಲ್ಲಂತ ನಂದಕ್ಕೂ ಕೈ ಹಾಕಿದೇನು?"

ಟ್ರ್ಯಾಕ್ಟರ್ ತುಂಬ ನಗು. ದುರ್ಗವ್ವ ಚೆಲ್ಲಿದ ಕಡಬನ್ನು ಆಯ್ದುಕೊಳ್ಳಲು ಬಗ್ಗಿದಳು.

"ಮುಟ್ಟಬ್ಯಾಡ!" ಎಂದು ಕೆಳಗಿಳಿದವರು ಸಾವಕಾರರ ಹೆಂಡತಿ ವಿಜಯಲಕ್ಷ್ಮಿ. "ಭೂಮಿತಾಯಿ ಬಾಯಾಗ ಇಟ್ಟಿದ್ದು ತಗೀತಾರೇನ?" ಆಮೇಲೆ ಗಂಡನ ಕಡೆ ತಿರುಗಿ, "ಆಕಿ ನಮ್ಮ ಹೊಲಕ್ಕ ಉಣಸ್ಯಾಳ. ನಾವು ಆಕಿ ಹೊಲಾ ಉಪಾಸ ಕೆಡವೂದೇನ್ರಿ? ನಡೀರಿ," ಎಂದರು.

ಚರಗ ಚೆಲ್ಲಿದಲ್ಲೇ ಊಟ. ಊರಿನ ರೂಢಿ. ಬಸಂತರಾಯರು ಎರಡು ಗಳಿಗೆ ಮೀಸೆ ತೀಡಿದರು, ಆಮೇಲೆ ತಮ್ಮ ಬುಟ್ಟಿ ತಾವೇ ಎತ್ತಿಕೊಂಡು ಬದು ದಾಟಿದರು. ದುರ್ಗವ್ವನ ಜೋಳಕ್ಕೆ ಚರಗ ಚೆಲ್ಲಿದರು. ಮಾನಪ್ಪನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಕೂತರೂ ವಾದ ಬಿಡಲಿಲ್ಲ.

"ಪುಕ್ಕಟ ಹಂಚೂದು ತಪ್ಪು ಅಂತ ನಾ ಈಗೂ ಹೇಳತೇನಿ. ಆ ಪುಂಡಿಪಲ್ಯ ಇತ್ಲಾಗ ತಾ."

"ಇದೂ ಪುಕ್ಕಟನ ಐತ್ರಿ," ಎಂದು ಮಾನಪ್ಪ ಪಲ್ಯ ಸರಿಸಿದ. ಬಸಂತರಾಯರೂ ನಕ್ಕುಬಿಟ್ಟರು.

ದುರ್ಗವ್ವನ ಖುಷಿಗೆ ಮೇರೆಯಿರಲಿಲ್ಲ. ಕಡಬಿನ ತಟ್ಟೆ ಹಿಡಿದು ಬಂದವಳ ಬಾಯಿಗೆ ವರ್ಷ ವರ್ಷ ಕೇಳಿದ ಮಾತು ತಾನಾಗಿ ಬಂತು.

"ಸಂಕೋಚ ಮಾಡಬ್ಯಾಡ್ರಿ ಸಾವಕಾರ್ರ. ನಿಮ್ಮದ ಹೊಲ ಅಂತ ತಿಳಕೊಂಡು ಉಣ್ರಿ."

ಬಸಂತರಾಯರು ತಲೆಯೆತ್ತಿದರು. ಎತ್ತರಕ್ಕೆ ನಿಂತ ಜೋಳವನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು.

"ಹ್ಯಾಂಗ ತಿಳಕೊಳ್ಳಲಿ ಯವ್ವಾ? ಇದು ನಿನ್ನ ಹೊಲ," ಎಂದರು, ಇನ್ನೊಂದು ಕಡಬಿಗೆ ತಟ್ಟೆ ಮುಂದೆ ಮಾಡಿದರು.